ಅಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೊರಟಿದ್ದಳು?

ಕಾಚಿಗುಡ ನಿಲ್ದಾಣದಲ್ಲಿ ನಾನು ಮೊದಲ ಸಲ ಒಬ್ಬಳೇ ಇಳಿದಾಗ ಇನ್ನೂ ಕತ್ತಲಿತ್ತು. ಬೆಂಗಳೂರಿನಿಂದ ರಾತ್ರಿ ಹೊರಟ ರೈಲು ಹೇಳಿದ ಹೊತ್ತಿಗಿಂತ ಮೊದಲೇ ಬಂದುಬಿಟ್ಟಿತ್ತು. ಹೊರಗೆ ಕಾಲಿಟ್ಟರೆ ಸಾಲು ಆಟೋಗಳು. ಎಲ್ಲಿಗೆ ಹೋಗಬೇಕು ಎಂದು ಕೇಳುವ ಮೊದಲೇ ಒಬ್ಬ, "ಅಕೇಲೀ ಹೈ ಕ್ಯಾ ಮೇಡಂ?" ಅಂದ. ಹತ್ತಿರದ ಲಾಡ್ಜೊಂದರ ಕೌಂಟರಿನಲ್ಲೂ ಅದೇ ಪ್ರಶ್ನೆ. ಹೌದು ಎಂದ ಕೂಡಲೇ ರೂಮು ಖಾಲಿ ಇಲ್ಲ ಎಂಬ ಉತ್ತರ. ಅವನ ಬೆನ್ನ ಹಿಂದಿನ ಹಲಗೆಯ ತುಂಬ ಕೀಲಿಗಳು ನೇತಾಡುತ್ತಿದ್ದವು.

ಬ್ಯಾಗು ಹೊತ್ತು ಮತ್ತೆ ನಿಲ್ದಾಣಕ್ಕೆ ಬಂದೆ. ಮಹಿಳೆಯರ ವಿಶ್ರಾಂತಿ ಕೊಠಡಿಯಲ್ಲಿ ಬೆಳಕು ಹರಿಯುವವರೆಗೆ ಕೂತೆ. ಅವತ್ತು ನನ್ನನ್ನು ಕಾಪಾಡಿದ್ದು ಆ ಒಂದು ಬಾಗಿಲು. ಅದನ್ನು ಅಲ್ಲಿಟ್ಟವರು ಯಾರು, ಯಾಕೆ ಇಟ್ಟರು, ಅದರ ಆಚೆ ನನ್ನ ಹೊಣೆ ಯಾರದು ಎಂದು ಯೋಚಿಸುತ್ತ ಹೋದದ್ದೇ ಈ ಬರಹ.

ಒಬ್ಬಳೇ ಹೊರಟ ಹೆಂಗಸಿನ ಕಥೆ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಳು, ಅಲ್ಲಿಂದ ಶ್ರೀಶೈಲಕ್ಕೆ ನಡೆದಳು. ಆ ಕಲ್ಯಾಣ ಮುಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಈಗ ಬೀದರ್ ಜಿಲ್ಲೆಯ ಬಸವಕಲ್ಯಾಣ. ಶೂನ್ಯಸಂಪಾದನೆ ಹೇಳುವ ಕಥೆಯಲ್ಲಿ, ಅಷ್ಟು ದೂರ ಬಂದವಳನ್ನು ಅನುಭವ ಮಂಟಪದಲ್ಲಿ ಅಲ್ಲಮ ಪ್ರಶ್ನಿಸುತ್ತಾನೆ. ನಿನ್ನ ಗಂಡ ಯಾರು ಎಂಬುದು ಆ ಪ್ರಶ್ನೆಗಳಲ್ಲೊಂದು. ಅಲ್ಲಮನ ಉದ್ದೇಶ ಬೇರೆ, ಲಾಡ್ಜಿನವನ ಉದ್ದೇಶ ಬೇರೆ. ಆದರೆ ಒಂಟಿ ಹೆಂಗಸು ಬಾಗಿಲಿಗೆ ಬಂದರೆ ಮೊದಲು ಅವಳ ಪಕ್ಕದ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ ಎನ್ನುವುದು ಎರಡರಲ್ಲೂ ಒಂದೇ.

*

ಹೈದರಾಬಾದಿನಲ್ಲಿ ಆ ಖಾಲಿ ಜಾಗವನ್ನು ಬಹುಕಾಲ ತುಂಬಿದ್ದು ಪರದೆ. ಮೇಲುವರ್ಗದ ಮನೆಗಳ ಹೆಂಗಸರು ಪಲ್ಲಕ್ಕಿಯಲ್ಲಿ, ಪರದೆ ಕಟ್ಟಿದ ಗಾಡಿಯಲ್ಲಿ ಓಡಾಡಿದರು. ಮುಂದೆ ಸೈಕಲ್ ರಿಕ್ಷಾಕ್ಕೂ ಪರದೆ ಬಂತು. ತರಕಾರಿ ಮಾರುವವಳು, ಕಲ್ಲು ಹೊರುವವಳು, ಬಟ್ಟೆ ಒಗೆಯುವವಳು ಅದೇ ಬೀದಿಯಲ್ಲಿ ಬರಿಗಾಲಲ್ಲಿ ಓಡಾಡುತ್ತಿದ್ದಳು. ಅವಳಿಗೆ ಪರದೆ ಹಿಡಿಯುವವರು ಇರಲಿಲ್ಲ. ರಕ್ಷಣೆ ಅನ್ನುವುದು ಮೊದಲಿನಿಂದಲೂ ಕೆಲವರಿಗೆ ಮಾತ್ರ ಹಂಚಿದ ವಸ್ತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲು ಬಂತು. ವಾಡಿ ಇರುವುದು ನಮ್ಮ ಕಲಬುರಗಿ ಜಿಲ್ಲೆಯಲ್ಲಿ. ಎತ್ತಿನ ಗಾಡಿಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದಾರಿ ಒಂದೇ ದಿನದ್ದಾಯಿತು. ಜೊತೆಗೆ ಹೊಸ ಗಾಬರಿಯೂ ಬಂತು: ಯಾರ ಪಕ್ಕ ಯಾರು ಕೂರಬೇಕು? ಬ್ರಿಟಿಷ್ ಭಾರತದ 1890ರ ರೈಲ್ವೆ ಕಾಯ್ದೆ ಅದಕ್ಕೊಂದು ಉತ್ತರ ಕೊಟ್ಟಿತು. 1891ರ ಜನವರಿ 1ರಿಂದ ಪ್ರತಿ ಪ್ರಯಾಣಿಕ ರೈಲಿನಲ್ಲೂ ಕನಿಷ್ಠ ಒಂದು ಕಂಪಾರ್ಟ್‌ಮೆಂಟ್ ಹೆಂಗಸರಿಗೆ ಮೀಸಲಿರಬೇಕು, ಅದೂ ಆ ರೈಲಿನ ಅತಿ ಕೆಳಗಿನ ದರ್ಜೆಯಲ್ಲಿ. ರೈಲು 50 ಮೈಲಿಗಿಂತ ದೂರ ಹೋಗುವುದಾದರೆ ಅದರಲ್ಲಿ ಶೌಚಾಲಯವೂ ಇರಬೇಕು. ಕೆಳಗಿನ ದರ್ಜೆ ಎಂಬ ಮಾತನ್ನು ಗಮನಿಸಿ. ಬಡ ಹೆಂಗಸಿಗೂ ದಾರಿಯಲ್ಲಿ ಒಂದು ಬಾಗಿಲು ಎಂದು ಬರಹದಲ್ಲಿ ಸಿಕ್ಕ ಮಾತು ಅದು.

ಈಗ ಜಾರಿಯಲ್ಲಿರುವ 1989ರ ರೈಲ್ವೆ ಕಾಯ್ದೆಯಲ್ಲೂ ಆ ಮೀಸಲು ಮುಂದುವರಿದಿದೆ. ಅದರ 139ನೇ ಕಲಮಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಮಾತಿದೆ. ಗಂಡಸಿನ ಜೊತೆಯಿಲ್ಲದೆ ಪ್ರಯಾಣಿಸುವ ಹೆಂಗಸಿನ ಬಳಿ ಟಿಕೆಟ್ ಇಲ್ಲದಿದ್ದರೂ ಅವಳನ್ನು ಸಿಕ್ಕ ಸಿಕ್ಕ ನಿಲ್ದಾಣದಲ್ಲಿ ಇಳಿಸುವಂತಿಲ್ಲ. ಅವಳು ಹತ್ತಿದ ನಿಲ್ದಾಣ, ಜಂಕ್ಷನ್, ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ ಇಳಿಸಬಹುದು, ಅದೂ ಹಗಲಿನಲ್ಲಿ. ತಪ್ಪು ಮಾಡಿದವಳಿಗೂ ರಾತ್ರಿಯಿಂದ ರಕ್ಷಣೆ ಕೊಡುವ ಕಾನೂನು ಇದು.

ಪರದೆಯೊಳಗಿನಿಂದಲೂ ಹೊರಟವರಿದ್ದರು. ಹೈದರಾಬಾದಿನಲ್ಲಿ 1879ರಲ್ಲಿ ಹುಟ್ಟಿದ ಸರೋಜಿನಿ, ಮುಂದೆ ಸರೋಜಿನಿ ನಾಯ್ಡು, ನಿಜಾಮರ ವಿದ್ಯಾರ್ಥಿವೇತನದ ಮೇಲೆ 16ನೇ ವಯಸ್ಸಿಗೆ ಇಂಗ್ಲೆಂಡಿಗೆ ಓದಲು ಹೋದಳು. ಉರ್ದು ಲೇಖಕಿ ಸುಘ್ರಾ ಹುಮಾಯೂನ್ ಮಿರ್ಜಾ ಪರದೆ ಬಿಟ್ಟು ಹೊರಬಂದ ಹೈದರಾಬಾದಿನ ಮೊದಲಿಗರಲ್ಲಿ ಒಬ್ಬರು. ಯುರೋಪು ಸುತ್ತಿ ಪ್ರವಾಸ ಕಥನ ಬರೆದರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದರು. 1932ರಲ್ಲಿ ನಿಜಾಮರ ರೈಲ್ವೆಯೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಶುರುಮಾಡಿತು. ಕೋಠಿಯ ಹಳೇ ಬ್ರಿಟಿಷ್ ರೆಸಿಡೆನ್ಸಿ ಕಟ್ಟಡಕ್ಕೆ ಮಹಿಳಾ ಕಾಲೇಜು ಬಂತು. ಓದಲು, ದುಡಿಯಲು ಹೊರಟ ಹುಡುಗಿಯರಿಂದ ಬಸ್ ಸ್ಟಾಪುಗಳು ತುಂಬಿದವು. ಅವರ ಹಿಂದೆ ಶಿಳ್ಳೆ ಹೊಡೆಯುವವರೂ ಬಂದರು. 1974ರಲ್ಲಿ ಇಲ್ಲಿ ಹುಟ್ಟಿದ ಪ್ರಗತಿಪರ ಮಹಿಳಾ ಸಂಘಟನೆಯ ವಿದ್ಯಾರ್ಥಿನಿಯರು ವರದಕ್ಷಿಣೆಯ ಜೊತೆಗೆ ಬೀದಿಯಲ್ಲಿ ಚುಡಾಯಿಸುವುದನ್ನೂ ಹೋರಾಟದ ವಿಷಯ ಮಾಡಿದರು. ತಲೆ ತಗ್ಗಿಸಿ ನಡೆದುಬಿಡು ಎಂದು ಮನೆಯಲ್ಲಿ ಹೇಳಿಕೊಟ್ಟ ಪಾಠವನ್ನು ಅವರು ಒಪ್ಪಲಿಲ್ಲ.

*

ಇನ್ನು ಈ ಚರಿತ್ರೆಯ ಅತಿ ಕಷ್ಟದ ಪುಟ. 1978ರ ಮಾರ್ಚ್ ಕೊನೆಯ ಒಂದು ರಾತ್ರಿ ಹೈದರಾಬಾದಿನಲ್ಲಿ ಒಬ್ಬ ಹೆಂಗಸು, ರಿಕ್ಷಾ ಎಳೆಯುವ ತನ್ನ ಗಂಡನ ಜೊತೆ ಸಿನಿಮಾ ನೋಡಿಕೊಂಡು ಮನೆಗೆ ನಡೆದು ಹೋಗುತ್ತಿದ್ದಳು. ಪೊಲೀಸರು ಅವಳನ್ನು ನಲ್ಲಕುಂಟ ಠಾಣೆಗೆ ಹಿಡಿದೊಯ್ದರು. ಅಲ್ಲಿ ಅವಳ ಮೇಲೆ ಅತ್ಯಾಚಾರ ನಡೆಯಿತು. ಪ್ರತಿಭಟಿಸಿದ ಗಂಡ ಪೊಲೀಸರ ಏಟಿಗೆ ಸತ್ತ. ಅವಳ ಹೆಸರು ಪುಸ್ತಕಗಳಲ್ಲಿದೆ, ಪ್ರಕರಣವನ್ನು ಕರೆಯುವುದೇ ಆ ಹೆಸರಿನಿಂದ; ನಾನಿಲ್ಲಿ ಬರೆಯುವುದಿಲ್ಲ.

ಊರು ಎದ್ದು ನಿಂತಿತು. ಸಾವಿರಾರು ಜನ ಬೀದಿಗಿಳಿದರು, ಗೋಲಿಬಾರ್ ಆಯಿತು, ಜನ ಸತ್ತರು, ಕರ್ಫ್ಯೂ ಬಿತ್ತು. ಸರ್ಕಾರ ನ್ಯಾಯಮೂರ್ತಿ ಮುಕ್ತದರ್ ಆಯೋಗವನ್ನು ನೇಮಿಸಿತು. ಆಯೋಗದ ಮುಂದೆ ಪೊಲೀಸರ ಪರ ವಾದ ಏನಾಗಿತ್ತು ಗೊತ್ತೇ? ಅವಳು ನಡತೆಗೆಟ್ಟವಳು, ಅವರದು ಮದುವೆಯೇ ಅಲ್ಲ. ಅಂದರೆ, ಅಷ್ಟು ಹೊತ್ತಿನಲ್ಲಿ ಎಲ್ಲಿಗೆ ಹೊರಟಿದ್ದಳು ಎಂಬುದೇ ಪೊಲೀಸರ ಪಾಲಿಗೆ ಇಡೀ ಮೊಕದ್ದಮೆಯ ತಿರುಳು. ಆಯೋಗ ಈ ವಾದಕ್ಕೆ ಮಣಿಯಲಿಲ್ಲ; ಪೊಲೀಸರು ತಪ್ಪಿತಸ್ಥರೆಂದು ಹೇಳಿತು.

ಆದರೆ ಆಯೋಗದ ವರದಿ ತೀರ್ಪಲ್ಲ. ವಿಚಾರಣೆ ಆಂಧ್ರದಿಂದ ನೆರೆಯ ಕರ್ನಾಟಕಕ್ಕೆ ವರ್ಗವಾಯಿತು. ಬಂದದ್ದು ರಾಯಚೂರಿಗೆ. 1981ರಲ್ಲಿ ರಾಯಚೂರಿನ ಸೆಷನ್ಸ್ ನ್ಯಾಯಾಲಯ ಆರೋಪಿಗಳನ್ನು ಖುಲಾಸೆ ಮಾಡಿತು. ಈ ಪ್ರಕರಣವನ್ನು ನಾವು ಹೈದರಾಬಾದಿನದೆಂದು ಓದುತ್ತೇವೆ. ಅದರ ಕೊನೆಯ ಅಧ್ಯಾಯ ನಮ್ಮ ನೆಲದಲ್ಲೇ ನಡೆಯಿತು ಎಂಬುದು ನನಗೂ ಬಹಳ ತಡವಾಗಿ ತಿಳಿಯಿತು. ರಾಯಚೂರಿನ ಬಿಸಿಲಲ್ಲಿ ಆ ನ್ಯಾಯಾಲಯದ ಮುಂದೆ ಎಷ್ಟೋ ಸಲ ಹಾದು ಹೋಗಿದ್ದೇನೆ.

ಪರದೆಯ ಮಾತು ಇಲ್ಲಿ ಮತ್ತೆ ಬರುತ್ತದೆ. ಅವಳು ಒಬ್ಬಳೇ ಇರಲಿಲ್ಲ, ಗಂಡ ಜೊತೆಗಿದ್ದ. ನಿರ್ಜನ ಜಾಗಕ್ಕೂ ಹೋಗಿರಲಿಲ್ಲ. ಪೊಲೀಸರ ಕೈಯಲ್ಲೇ ಇದ್ದಳು. ಒಂಟಿ ಹೆಂಗಸಿಗೆ ನಾವು ಕೊಡುವ ಬುದ್ಧಿಮಾತುಗಳಲ್ಲಿ ಅತಿ ಮುಖ್ಯವಾದ ಎರಡು, ಜೊತೆಗೆ ಯಾರಾದರೂ ಇರಲಿ, ಕಷ್ಟ ಬಂದರೆ ಪೊಲೀಸರ ಹತ್ತಿರ ಹೋಗು. ಆ ರಾತ್ರಿ ಎರಡೂ ಕೆಲಸಕ್ಕೆ ಬರಲಿಲ್ಲ, ಏಕೆಂದರೆ ಅವಳು ಬಡವಳಾಗಿದ್ದಳು.

ಸುಮ್ಮನಾಗದವರೂ ಇದ್ದರು. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆ ಹುಟ್ಟಿದ್ದು ಅದೇ 1978ರಲ್ಲಿ. ಅದೇ ವರ್ಷ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಇನ್ನೊಂದು ಠಾಣೆಯ ಪ್ರಕರಣದಲ್ಲಿ, ಮಥುರಾ ಪ್ರಕರಣ ಎಂದು ಹೆಸರಾದದ್ದರಲ್ಲಿ, ಪೊಲೀಸರನ್ನು ಬಿಡುಗಡೆ ಮಾಡಿತು. 1979ರಲ್ಲಿ ನಾಲ್ವರು ಕಾನೂನು ಅಧ್ಯಾಪಕರು ಆ ತೀರ್ಪನ್ನು ಪ್ರಶ್ನಿಸಿ ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ದೇಶದ ತುಂಬ ಮಹಿಳೆಯರು ಬೀದಿಗೆ ಬಂದರು. ಇದೆಲ್ಲದರ ಫಲ 1983ರ ತಿದ್ದುಪಡಿ: ಪೊಲೀಸ್ ವಶದಲ್ಲಿ ನಡೆದ ಅತ್ಯಾಚಾರಕ್ಕೆ ಹೆಚ್ಚಿನ ಶಿಕ್ಷೆ ಬಂತು, ಅಂಥ ಪ್ರಕರಣದಲ್ಲಿ ಹೆಂಗಸು ಒಪ್ಪಿಗೆ ಇರಲಿಲ್ಲ ಎಂದರೆ ನ್ಯಾಯಾಲಯ ಹಾಗೆಂದೇ ಭಾವಿಸಬೇಕೆಂಬ ನಿಯಮ ಬಂತು, ಅವಳ ಹೆಸರು ಬಯಲು ಮಾಡುವುದು ಅಪರಾಧವಾಯಿತು. 2006ರಲ್ಲಿ ಜಾರಿಗೆ ಬಂದ ಇನ್ನೊಂದು ನಿಯಮದಂತೆ ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿರಬೇಕು. 1978ರ ಆ ರಾತ್ರಿ ಈ ಒಂದು ಸಾಲು ಇದ್ದಿದ್ದರೆ ಎಂದು ಓದುವಾಗಲೆಲ್ಲ ಅನ್ನಿಸುತ್ತದೆ.

*

2014ರ ಅಕ್ಟೋಬರ್ 24ರಂದು ಹೈದರಾಬಾದ್ ಪೊಲೀಸರು ಶೀ ಟೀಮ್ಸ್ ಶುರುಮಾಡಿದರು. ಮಫ್ತಿಯಲ್ಲಿರುವ ಸಣ್ಣ ತಂಡಗಳು ಬಸ್ ಸ್ಟಾಪು, ಕಾಲೇಜು, ಮಾರುಕಟ್ಟೆಗಳಲ್ಲಿ ನಿಂತು, ಚುಡಾಯಿಸುವವರನ್ನು ಕ್ಯಾಮೆರಾದಲ್ಲಿ ಸೆರೆಹಿಡಿದು ಕೈಗೆ ಸಿಕ್ಕಿಸುತ್ತವೆ. ಸಣ್ಣ ವಯಸ್ಸಿನವರಾದರೆ ಅಪ್ಪ ಅಮ್ಮನನ್ನು ಕರೆಸಿ ಬುದ್ಧಿ ಹೇಳುತ್ತಾರೆ. ಇಲ್ಲಿ ನನಗೆ ಮುಖ್ಯವೆನಿಸಿದ್ದು ನೋಟ ತಿರುಗಿದ ದಿಕ್ಕು. ಹುಡುಗಿ ಆ ಸ್ಟಾಪಿನಲ್ಲಿ ಯಾಕೆ ನಿಂತಿದ್ದಾಳೆ ಎಂದು ನೋಡುವ ಬದಲು ಹುಡುಗ ಯಾಕೆ ನಿಂತಿದ್ದಾನೆ ಎಂದು ಪೊಲೀಸರು ನೋಡತೊಡಗಿದರು.

ಐದು ವರ್ಷದ ನಂತರ, 2019ರ ನವೆಂಬರ್ 27ರ ರಾತ್ರಿ, ಶಂಶಾಬಾದ್ ಬಳಿಯ ಟೋಲ್ ಪ್ಲಾಜಾದ ಹತ್ತಿರ ಸ್ಕೂಟರ್ ನಿಲ್ಲಿಸಿದ್ದ ಯುವ ಪಶುವೈದ್ಯೆಯೊಬ್ಬಳ ಅತ್ಯಾಚಾರ, ಕೊಲೆ ಆಯಿತು. ಮಗಳನ್ನು ಹುಡುಕುತ್ತ ಹೋದ ಮನೆಯವರನ್ನು ಇದು ನಮ್ಮ ಸರಹದ್ದಲ್ಲ ಎಂದು ಠಾಣೆಯಿಂದ ಠಾಣೆಗೆ ಅಲೆಸಿದರೆಂಬ ದೂರು ಬಂತು. ಮೂವರು ಪೊಲೀಸರು ಅಮಾನತಾದರು. ಕೆಲವೇ ದಿನಗಳಲ್ಲಿ ಸಾರಿಗೆ ಸಂಸ್ಥೆಯ ಮಹಿಳಾ ನೌಕರರಿಗೆ ರಾತ್ರಿ ಪಾಳಿ ಬೇಡ ಎಂದು ಮುಖ್ಯಮಂತ್ರಿ ಘೋಷಿಸಿದರು. ಪರದೆ ಮತ್ತೆ ಬಂದಿತ್ತು, ಈ ಸಲ ಗಡಿಯಾರದ ರೂಪದಲ್ಲಿ. ಡಿಸೆಂಬರ್ 6ರಂದು ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಸತ್ತರು. ಜನ ಪೊಲೀಸರ ಮೇಲೆ ಹೂವು ಎರಚಿದರು. 41 ವರ್ಷ ಹಿಂದೆ ಅದೇ ಊರಿನ ಜನ ಪೊಲೀಸರ ವಿರುದ್ಧ ಬೀದಿಗಿಳಿದಿದ್ದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಬಹಿರಂಗವಾಯಿತು: ಪೊಲೀಸರ ಕಥೆ ನಂಬುವಂತಿಲ್ಲ, ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದಾರೆ, ಹತ್ತು ಪೊಲೀಸರನ್ನು ವಿಚಾರಣೆಗೆ ಒಳಪಡಿಸಬೇಕು. ಆ ಹೊತ್ತಿಗೆ ಹೂವು ಎರಚಿದವರ ಗಮನ ಬೇರೆಡೆಗೆ ಹೋಗಿತ್ತು.

ಗುಂಡಿನಿಂದ ಯಾವ ರಸ್ತೆಗೂ ದೀಪ ಬರಲಿಲ್ಲ. ಆ ರಾತ್ರಿ ಬೇಕಾಗಿದ್ದದ್ದು ಬಹಳ ಸಾಧಾರಣ ಸಂಗತಿ: ಮೊದಲು ಹೋದ ಠಾಣೆಯಲ್ಲೇ ದೂರು ಬರೆದುಕೊಳ್ಳುವ ಒಬ್ಬ ಮನುಷ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಪರಾಧ ಎಲ್ಲಿಯೇ ನಡೆದಿರಲಿ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು ಎಂದು ನೇರವಾಗಿ ಹೇಳುತ್ತದೆ. ಝೀರೋ ಎಫ್‌ಐಆರ್ ಎನ್ನುವುದು ಇದನ್ನೇ. ಒಬ್ಬಳೇ ಊರು ಸುತ್ತುವವಳು ಬಾಯಿಪಾಠ ಮಾಡಿಟ್ಟುಕೊಳ್ಳಬೇಕಾದದ್ದು ಇದು, ತುರ್ತಿಗೆ 112, ರೈಲಿನಲ್ಲಿ 139. ಇದನ್ನು ಸಂಕೋಚವಿಲ್ಲದೆ ಜೋರಾಗಿ ಹೇಳಿ; ಉಪಕಾರ ಕೇಳುತ್ತಿಲ್ಲ, ಹಕ್ಕು ಕೇಳುತ್ತಿದ್ದೀರಿ.

2023ರ ಡಿಸೆಂಬರ್ 9ರಿಂದ ತೆಲಂಗಾಣದ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಹಣವಿಲ್ಲ. ನಮ್ಮಲ್ಲಿ ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿತ್ತು. ಇದರ ಖರ್ಚಿನ ಲೆಕ್ಕ ಬೇರೆಯವರು ಹಾಕಲಿ. ಹೆಂಗಸರೇ ತುಂಬಿದ ಬಸ್ಸಿನಲ್ಲಿ ಯಾರೂ ಯಾರನ್ನೂ ಒಬ್ಬಳೇನಾ ಎಂದು ಕೇಳುವುದಿಲ್ಲ, ಅಷ್ಟನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೋದ ಚಳಿಗಾಲ ಮತ್ತೆ ಕಾಚಿಗುಡದಲ್ಲಿ ಇಳಿದೆ. ಅದೇ ಕೊಠಡಿಯಲ್ಲಿ ಒಬ್ಬ ಹುಡುಗಿ, ಪರೀಕ್ಷೆಗೆಂದು ರಾಯಚೂರಿನ ಕಡೆಯಿಂದ ಬಂದವಳು, ನನ್ನ ಕೈಯಲ್ಲಿದ್ದ ಕನ್ನಡ ಪುಸ್ತಕ ನೋಡಿ ಹತ್ತಿರ ಬಂದಳು. "ಅಕ್ಕಾರ, ಈಗ ಹೊರಗ ಹೋದ್ರ ನಡೀತದೇನ್ರಿ?"

ಗಡಿಯಾರ ನೋಡಿದೆ. ಐದೂವರೆ. ಹೊರಗೆ ಚಹಾ ಅಂಗಡಿಯ ಶಟರ್ ಏಳುವ ಸದ್ದು ಕೇಳುತ್ತಿತ್ತು. "ನಡಿ, ಇಬ್ಬರೂ ಹೋಗೋಣ" ಅಂದೆ. ಅವಳು ಆಟೋದ ನಂಬರನ್ನು ಅಮ್ಮನಿಗೆ ಕಳಿಸಿದಳು. ಆಟೋದವನು ಮೀಟರ್ ಹಾಕುತ್ತ ಕೇಳಿದ್ದು ಒಂದೇ ಪ್ರಶ್ನೆ: "ಕಹಾಂ ಜಾನಾ ಹೈ?"