ಮಂಗ ಸತ್ತ ಸುದ್ದಿ

ಸೊರಬದಿಂದ ಬನವಾಸಿಯ ದಾರಿ ಹಿಡಿದವರಿಗೆ ಗುಡವಿ ಸಿಗುತ್ತದೆ. ಮಳೆಗಾಲದಲ್ಲಿ ಅಲ್ಲಿಯ ಕೆರೆಗೆ ಬಂದಿಳಿಯುವ ಹಕ್ಕಿಗಳನ್ನು ನೋಡಲು ಪಟ್ಟಣಿಗರು ಹೋಗುವುದುಂಟು. ತರಗತಿಯಲ್ಲಿ ಪಂಪನ ಬನವಾಸಿಯನ್ನು ಪಾಠ ಹೇಳುವ ನನ್ನಂಥವರಿಗೆ ಆ ದಾರಿ ಇನ್ನೊಂದು ಕಾರಣಕ್ಕೂ ಪ್ರಿಯವಾದದ್ದು. ಆದರೆ ಅದೇ ತಾಲ್ಲೂಕಿನ ಬೇರೊಂದು ಹೆಸರು ಜಗತ್ತಿನ ವೈದ್ಯಗ್ರಂಥಗಳನ್ನೆಲ್ಲ ಹೊಕ್ಕಿದೆ. ಅದು ಕ್ಯಾಸನೂರು. ಯಾವ ಊರಿಗೂ ಬೇಡವಾದ ಕೀರ್ತಿ ಅದು.

೧೯೫೭ರ ಬೇಸಗೆಯ ಮೊದಲಲ್ಲಿ ಕ್ಯಾಸನೂರು ಕಾಡಿನ ಮಂಗಗಳು ಸಾಯತೊಡಗಿದವು. ಕರಿಮೋರೆಯ ಮುಸಿಯಗಳೂ ಕೆಂಪು ಮಂಗಗಳೂ ಸತ್ತುಬಿದ್ದವು. ಕಾಡಂಚಿನ ಹಳ್ಳಿಗಳ ಜನರೂ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಆಫ್ರಿಕದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬುದು ಅವರ ಮೊದಲ ಸಂಶಯ. ಪರೀಕ್ಷಿಸಿದಾಗ ತಿಳಿದದ್ದು ಬೇರೆ. ರಷ್ಯದ ಕಾಡುಗಳಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರಕ್ಕೆ ಹತ್ತಿರದ ಸಂಬಂಧಿಯಾದ ಹೊಸ ವೈರಸ್ ಅದಾಗಿತ್ತು. ವಿಜ್ಞಾನಿಗಳು ಅದಕ್ಕೆ ಕಾಡಿನ ಹೆಸರಿಟ್ಟರು. ಜನರು ಮಂಗನ ಕಾಯಿಲೆ ಎಂದರು.

ಮಂಗನ ಮೇಲೆ ಈ ಹೆಸರು ಹೊರಿಸಿದ ಅಪವಾದ ಸಲ್ಲದು. ಅದೂ ನಮ್ಮಂತೆ ರೋಗಕ್ಕೆ ಬಲಿಯಾದ ಜೀವ. ರೋಗವನ್ನು ಹೊತ್ತು ತರುವುದು ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ತರಗೆಲೆಯ ಮೇಲೆ ಉದುರುತ್ತವೆ. ಕಣ್ಣಿಗೆ ಸರಿಯಾಗಿ ಕಾಣದ ಎಳೆಯ ಉಣುಗುಗಳ ಕಾಟ ನವೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಮಲೆನಾಡಿನಲ್ಲಿ ಕೊಟ್ಟಿಗೆಗೆ ತರಗೆಲೆ ಗುಡಿಸುವುದೂ ಸೌದೆ ತರುವುದೂ ಅದೇ ಕಾಲದಲ್ಲಿ. ಅಂಥ ಕೆಲಸಗಳು ಬಹಳ ಸಲ ಮನೆಯ ಹಿರಿಯರ ಪಾಲಿಗೆ ಬರುತ್ತವೆ. ಗದ್ದೆಯ ದುಡಿಮೆಯಿಂದ ಬಿಡುವು ಪಡೆದ ಅಜ್ಜ ದನ ಹೊಡೆದುಕೊಂಡು ಕಾಡಿಗೆ ಹೋಗುತ್ತಾನೆ. ಸುಮ್ಮನೆ ಕೂತು ಅಭ್ಯಾಸವಿಲ್ಲದ ಅಜ್ಜಿ ಪುಳ್ಳೆ ಆರಿಸಲು ಹೊರಡುತ್ತಾಳೆ.

ಇಲ್ಲಿ ಇತಿಹಾಸದ ಒಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ಈ ರೋಗಕ್ಕೆ ನಮ್ಮಲ್ಲೇ ತಯಾರಾದ ಲಸಿಕೆಯೊಂದನ್ನು ಹಲವು ವರ್ಷ ಹಾಕಲಾಯಿತು. ಅದು ೬೫ ವರ್ಷ ವಯಸ್ಸಿನವರೆಗೆ ಮಾತ್ರ. ಆ ಗೆರೆ ದಾಟಿದವರು ಕಾಡಿಗೆ ಹೋಗುವುದನ್ನು ಬಿಡಲಿಲ್ಲ, ಉಣುಗೂ ಅವರ ವಯಸ್ಸನ್ನು ಕೇಳಲಿಲ್ಲ. ಲಸಿಕೆಯ ಶಕ್ತಿ ಸಾಲದೆಂದು ಕಂಡಮೇಲೆ ೨೦೨೨ರ ಹೊತ್ತಿಗೆ ಅದನ್ನೂ ನಿಲ್ಲಿಸಿದರು. ೨೦೨೪ರ ಆರಂಭದಲ್ಲಿ ವರದಿಯಾದ ಮೊದಲ ಎರಡು ಸಾವುಗಳಲ್ಲಿ ಒಂದು ೧೮ರ ತರುಣಿಯದು, ಇನ್ನೊಂದು ೭೯ರ ವೃದ್ಧರದು. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಮೊದಲೇ ಸೊರಗಿದ ಮುಪ್ಪಿನ ದೇಹಕ್ಕೆ ಈ ಜ್ವರದ ಪೆಟ್ಟು ತಡೆಯುವುದು ಕಷ್ಟ.

ಈ ರೋಗಕ್ಕೆ ನೇರವಾದ ಔಷಧವಿಲ್ಲ. ಆದ್ದರಿಂದ ಮುಂಜಾಗ್ರತೆಯೇ ಅರ್ಧ ಚಿಕಿತ್ಸೆ. ಭೂಕಂಪವಾಗಲಿ ನೆರೆಯಾಗಲಿ ಇಷ್ಟು ಸ್ಪಷ್ಟವಾಗಿ ಮುನ್ಸೂಚನೆ ಕೊಡುವುದಿಲ್ಲ. ಇಲ್ಲಿ ಸತ್ತ ಮಂಗವೇ ಡಂಗುರ. ಅದನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಆ ಜಾಗಕ್ಕೆ ಹಿರಿಯರು ಹೋಗದಂತೆ ನೋಡಿಕೊಳ್ಳಬೇಕು. ಹೋಗಲೇಬೇಕಾದವರು ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಂಡು, ಮೈತುಂಬ ಬಟ್ಟೆ ತೊಟ್ಟು ಹೋಗಬೇಕು. ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸ್ನಾನ ಮಾಡಬೇಕು. ಕಣ್ಣು ಮಂಜಾದ ಅಜ್ಜಿಯ ಕುತ್ತಿಗೆ, ಕಂಕುಳು, ಕಾಲುಸಂದುಗಳನ್ನು ಬೇರೆಯವರ ಕಣ್ಣು ಪರೀಕ್ಷಿಸಬೇಕು.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ತಟ್ಟನೆ ಜ್ವರ, ತಲೆನೋವು, ಮೈ ಮುರಿಯುವ ನೋವು ಬರುತ್ತವೆ. ಕೆಲವರಲ್ಲಿ ರಕ್ತಸ್ರಾವವೂ ಆಗಬಹುದು. “ಬಿಸಿಲಿಗೆ ಬಂದದ್ದು, ಕಷಾಯ ಕುಡಿದರೆ ಹೋಗುತ್ತದೆ” ಎನ್ನುವುದು ಹಿರಿಯರ ರೂಢಿ. ಅಂಗಡಿಯ ನೋವಿನ ಮಾತ್ರೆ ನುಂಗಿಸಿ ಕಾಯುವುದು ನಮ್ಮ ರೂಢಿ. ಎರಡೂ ಸಲ್ಲದು, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಬೇಕು. ಜ್ವರ ಇಳಿದು ಒಂದೆರಡು ವಾರ ಕಳೆದ ಮೇಲೆ ಕೆಲವರಲ್ಲಿ ಅದು ಮತ್ತೆ ಮರಳಿ ಮಿದುಳಿಗೇ ತಗಲುವುದರಿಂದ, ಆರೈಕೆ ಮಾಡುವವರು ಬೇಗನೆ ನಿಶ್ಚಿಂತರಾಗಬಾರದು. ಮನುಷ್ಯರಿಂದ ಮನುಷ್ಯರಿಗೆ ಇದು ಹರಡದು. ಹೆದರಿ ದೂರ ನಿಲ್ಲುವ ಕಾರಣವೂ ಇಲ್ಲ.

ಬಹುಕಾಲ ಶಿವಮೊಗ್ಗ ಜಿಲ್ಲೆಯ ಸುತ್ತಲೇ ಇದ್ದ ಈ ಕಾಯಿಲೆ ೨೦೧೨ರಿಂದ ಈಚೆಗೆ ಬಂಡೀಪುರ, ವಯನಾಡು, ಗೋವೆಗಳಲ್ಲಿಯೂ ಕಾಣಿಸಿಕೊಂಡಿದೆ. ತಂದೆತಾಯಿಯರನ್ನು ಮಲೆನಾಡಿನ ಮನೆಯಲ್ಲಿ ಬಿಟ್ಟು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವವರು ನಮ್ಮಲ್ಲಿ ಎಷ್ಟು ಮಂದಿ! ನಡುರಾತ್ರಿ ಜ್ವರ ಏರಿದರೆ ಗಾಡಿ ತರುವ ನೆರೆಯವರು ಯಾರು, ದಿನವೂ ನುಂಗುವ ಮಾತ್ರೆಗಳು ಯಾವುವು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಲು ಖರ್ಚಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ “ಊಟವಾಯಿತೇ, ಅಡಿಕೆ ಕೊಯ್ಲು ಮುಗಿಯಿತೇ” ಎಂದು ಕೇಳುತ್ತೇವಲ್ಲ, ಬೇಸಗೆಯಲ್ಲಿ ಅದರೊಂದಿಗೆ ಇನ್ನೊಂದು ಮಾತನ್ನೂ ಕೇಳೋಣ: “ಆ ಕಡೆ ಎಲ್ಲಾದರೂ ಮಂಗ ಸತ್ತ ಸುದ್ದಿ ಇದೆಯೇ?”