ಮೂರು ಗಾಲಿ, ಒಂದಿಷ್ಟು ಗಾಳಿ

ಆಟೋರಿಕ್ಷಾ ಹತ್ತುವಾಗ ಮೀಟರನ್ನು ನೋಡುತ್ತೇವೆ, ಟಯರುಗಳನ್ನು ನೋಡುವವರು ಕಡಿಮೆ. ಚಾಲಕ ಮತ್ತು ಮೂವರು ಪ್ರಯಾಣಿಕರನ್ನು ಹೊತ್ತ ಆ ವಾಹನ ರಸ್ತೆಯನ್ನು ಮುಟ್ಟುವುದು ಮೂರೇ ಕಡೆ, ಅದೂ ಒಂದೊಂದು ಕಡೆ ಅಂಗೈಯಷ್ಟು ಜಾಗದಲ್ಲಿ. ಬ್ರೇಕು ಹಿಡಿಯುವುದು, ತಿರುವಿನಲ್ಲಿ ಹೊರಳುವುದು, ಮಳೆಯಲ್ಲಿ ಜಾರದಿರುವುದು ಎಲ್ಲವೂ ಆ ಮೂರು ಅಂಗೈಗಳನ್ನು ಅವಲಂಬಿಸಿವೆ.

ಟಯರು ಸವೆದಾಗ ಬದಲಿಗೆ ಯಾವುದನ್ನು ಹಾಕಬೇಕು, ಎಷ್ಟು ಗಾಳಿ ತುಂಬಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ‘ರಿಮ್ಮಿಗೆ ಸರಿಯಾಗಿ ಕೂರುವ ಯಾವುದಾದರೂ ಆದೀತು’ ಎಂಬುದು ಒಂದು. ‘ಟಯರಿನ ಪಕ್ಕದಲ್ಲಿ ಅಚ್ಚಾಗಿರುವಷ್ಟು ಗಾಳಿ ಹಾಕಿಸಿ’ ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ಏಕೆ ಸರಿಯಲ್ಲ ಎಂಬುದನ್ನು ತಿಳಿಯಲು ಗಾಳಿ ಟಯರಿನ ಇತಿಹಾಸವನ್ನು ಸ್ವಲ್ಪ ಕೆದಕಬೇಕು. ಆ ಟಯರು ಬಳಕೆಗೆ ಬಂದದ್ದೇ ಒಂದು ಮೂರು ಗಾಲಿಯ ವಾಹನದ ಮೂಲಕ ಎಂಬುದು ನಿಮಗೆ ಆಶ್ಚರ್ಯವೆನಿಸಬಹುದು.

ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ಸ್ಕಾಟ್ಲೆಂಡ್ ಮೂಲದ ಪಶುವೈದ್ಯನಿದ್ದ. 1887ರಲ್ಲಿ ಅವನ ಪುಟ್ಟ ಮಗ ಗಟ್ಟಿ ರಬ್ಬರಿನ ಗಾಲಿಗಳಿದ್ದ ಮೂರು ಚಕ್ರದ ಸೈಕಲನ್ನು ಕಲ್ಲು ಹಾಸಿದ ಬೀದಿಗಳಲ್ಲಿ ತುಳಿಯಲು ಕಷ್ಟಪಡುತ್ತಿದ್ದ. ಡನ್‌ಲಪ್ ಮರದ ಬಿಲ್ಲೆಯೊಂದರ ಸುತ್ತ ರಬ್ಬರಿನ ಕೊಳವೆ ಸುತ್ತಿ, ಅದರ ಮೇಲೆ ಬಟ್ಟೆ ಹೊದಿಸಿ ಮೊಳೆ ಹೊಡೆದು, ಒಳಗೆ ಗಾಳಿ ತುಂಬಿದ. ಆಮೇಲೆ ಅವನು ಮಾಡಿದ ಪ್ರಯೋಗ ಯಾವ ಭೌತವಿಜ್ಞಾನದ ಪ್ರಯೋಗಾಲಯಕ್ಕೂ ಶೋಭೆ ತರುವಂಥದ್ದು. ಸೈಕಲಿನ ಮುಂದಿನ ಗಾಲಿಯನ್ನು ಬಿಚ್ಚಿ ಅಂಗಳದಲ್ಲಿ ಉರುಳಿಸಿದ. ಅದು ಅಂಗಳದ ತುದಿ ತಲುಪುವ ಮೊದಲೇ ಮಗುಚಿ ಬಿತ್ತು. ಗಾಳಿ ತುಂಬಿದ ಬಿಲ್ಲೆಯನ್ನು ಉರುಳಿಸಿದಾಗ ಅದು ಅಂಗಳ ದಾಟಿ ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಮುಂದೆ ಸೈಕಲಿನ ಹಿಂದಿನ ಎರಡು ಗಾಲಿಗಳಿಗೆ ಅವನು ಗಾಳಿ ಟಯರು ಕಟ್ಟಿದ.

ಗಟ್ಟಿ ಗಾಲಿ ಕಲ್ಲಿಗೆ ಬಡಿದಾಗ ಇಡೀ ವಾಹನ ಮೇಲಕ್ಕೆ ಜಿಗಿಯುತ್ತದೆ. ಮುನ್ನುಗ್ಗಲು ಬೇಕಾದ ಶಕ್ತಿ ಹೀಗೆ ಕುಲುಕಾಟದಲ್ಲಿ ಪೋಲಾಗುತ್ತದೆ. ಗಾಳಿ ತುಂಬಿದ ಗಾಲಿ ಕಲ್ಲನ್ನು ತನ್ನೊಳಗೆ ನುಂಗಿಕೊಂಡು, ದಾಟಿದ ಮೇಲೆ ಆ ಶಕ್ತಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಬಹುಪಾಲು ಮಾತ್ರ, ಪೂರ್ತಿಯಲ್ಲ. ಆ ಉಳಿದ ಪಾಲಿನ ಕಥೆ ಮುಂದೆ ಬರುತ್ತದೆ.

1888ರಲ್ಲಿ ಡನ್‌ಲಪ್ ಪೇಟೆಂಟ್ ಪಡೆದ. 1889ರ ಮೇ ತಿಂಗಳಲ್ಲಿ ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ವಿಲ್ಲಿ ಹ್ಯೂಮ್ ಎಂಬ ಸೈಕಲ್ ಸವಾರ ಗಾಳಿ ಟಯರುಗಳನ್ನು ಹಾಕಿಕೊಂಡು ಗೆದ್ದಾಗ, ಅದುವರೆಗೆ ಈ ದಪ್ಪ ಟಯರುಗಳನ್ನು ನೋಡಿ ನಕ್ಕವರು ಸುಮ್ಮನಾದರು. ಆದರೆ ಡನ್‌ಲಪ್‌ನ ಪೇಟೆಂಟ್ ಬಾಳಲಿಲ್ಲ. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವ 1845ರಲ್ಲೇ, ತನ್ನ 23ನೆಯ ವಯಸ್ಸಿನಲ್ಲಿ, ಇದೇ ತತ್ತ್ವಕ್ಕೆ ಪೇಟೆಂಟ್ ಪಡೆದಿದ್ದ. ರಬ್ಬರು ಲೇಪಿಸಿದ ಕ್ಯಾನ್ವಾಸ್ ಕೊಳವೆಗೆ ಚರ್ಮದ ಹೊದಿಕೆ ಹಾಕಿ, 1847ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆ ಗಾಡಿಗೆ ಕಟ್ಟಿ ಓಡಿಸಿಯೂ ತೋರಿಸಿದ್ದ. ಆಗ ಸೈಕಲ್ಲೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಕುದುರೆಯ ಶ್ರಮ ಕಡಿಮೆ ಮಾಡಲು ಯಾರೂ ಹಣ ಸುರಿಯಲಿಲ್ಲ. ಥಾಮ್ಸನ್ ಸರಿಯಾದ ಉತ್ತರವನ್ನು ಪ್ರಶ್ನೆ ಹುಟ್ಟುವ ಮೊದಲೇ ಕೊಟ್ಟಿದ್ದ ಎನ್ನಬೇಕು.

‘ಬದಲಿ ಟಯರು’ ಎಂಬ ಮಾತಿಗೆ ಅರ್ಥ ಬಂದದ್ದು ಇದಾದ ಮೇಲೆ. ಡನ್‌ಲಪ್‌ನ ಟಯರನ್ನು ಗಾಲಿಗೆ ಅಂಟಿಸಲಾಗುತ್ತಿತ್ತು. ಪಂಕ್ಚರ್ ಆದರೆ ಬಿಚ್ಚಿ, ತೇಪೆ ಹಾಕಿ, ಮತ್ತೆ ಅಂಟಿಸಿ ಒಣಗಲು ಬಿಡಬೇಕಿತ್ತು. 1890ರಲ್ಲಿ ಇಂಗ್ಲೆಂಡಿನ ವೆಲ್ಚ್ ಟಯರಿನ ಅಂಚಿನೊಳಗೆ ತಂತಿಯ ಬಳೆ ಸೇರಿಸುವ ಉಪಾಯ ಕಂಡುಹಿಡಿದ. ಅದೇ ವರ್ಷ ಬಾರ್ಟ್‌ಲೆಟ್ ಎಂಬುವನು ರಿಮ್ಮಿನ ಕೊಕ್ಕೆಗೆ ಸಿಕ್ಕಿಕೊಳ್ಳುವ ಅಂಚನ್ನು ರೂಪಿಸಿದ. 1891ರಲ್ಲಿ ಫ್ರಾನ್ಸಿನ ಮಿಷೆಲಿನ್ ಸೋದರರು ಸುಲಭವಾಗಿ ಕಳಚುವ ಸೈಕಲ್ ಟಯರನ್ನು ತಂದರು. ಅಂದಿನಿಂದ ಟಯರು ವಾಹನದ ಅಂಗವಾಗಿ ಉಳಿಯದೆ ಅಂಗಡಿಯಲ್ಲಿ ಕೊಳ್ಳುವ ಬಿಡಿ ಭಾಗವಾಯಿತು. ಆಯ್ಕೆಯ ಹೊಣೆ ತಯಾರಕನಿಂದ ಸವಾರನ ತಲೆಗೆ ಬಂತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಾಹನದ ಭಾರವನ್ನು ಹೊರುವುದು ರಬ್ಬರಲ್ಲ, ಮುಖ್ಯವಾಗಿ ಒಳಗಿನ ಗಾಳಿ. ಟಯರಿನ ಗೋಡೆಯ ಬಿಗಿತವನ್ನು ಬದಿಗಿಟ್ಟರೆ, ಗಾಳಿಯ ಒತ್ತಡವನ್ನು ನೆಲ ಮುಟ್ಟುವ ಕ್ಷೇತ್ರಫಲದಿಂದ ಗುಣಿಸಿದಾಗ ಆ ಗಾಲಿಯ ಮೇಲಿನ ಭಾರ ಬರಬೇಕು. ತುಂಬಿದ ಆಟೋ ಒಂದರ ಒಟ್ಟು ತೂಕ 600 ಕಿಲೋಗ್ರಾಂ, ಅದರಲ್ಲಿ ಮುಂದಿನ ಗಾಲಿಯ ಪಾಲು 150, ಹಿಂದಿನವಕ್ಕೆ ತಲಾ 225 ಎಂದಿಟ್ಟುಕೊಳ್ಳಿ. ಎಲ್ಲಕ್ಕೂ ಚದರ ಇಂಚಿಗೆ 30 ಪೌಂಡ್, ಅಂದರೆ ಸುಮಾರು 207 ಕಿಲೋಪಾಸ್ಕಲ್ ಒತ್ತಡ ತುಂಬಿದರೆ, ಹಿಂದಿನ ಪ್ರತಿ ಟಯರು ನೆಲ ಮುಟ್ಟುವುದು ಸುಮಾರು 107 ಚದರ ಸೆಂಟಿಮೀಟರು, ಮುಂದಿನದು ಬರೀ 71. ಮುಂದಿನ ಟಯರೂ ಹಿಂದಿನವುಗಳಷ್ಟೇ ಚಪ್ಪಟೆಯಾಗಬೇಕಾದರೆ ಅದಕ್ಕೆ 20 ಪೌಂಡ್ ಸಾಕು. ಇವು ಉದಾಹರಣೆಯ ಅಂಕಿಗಳು, ಇವನ್ನೇ ಹೋಗಿ ತುಂಬಿಸಬೇಡಿ. ತಯಾರಕರ ಕೈಪಿಡಿ ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆ ಒತ್ತಡ ಹೇಳಿದ್ದರೆ ಅದಕ್ಕೆ ಕಾರಣ ಇದು. ಟಯರಿನ ಗೋಡೆಯ ಮೇಲೆ ಅಚ್ಚಾಗಿರುವುದಾದರೋ ಆ ಟಯರು ತಾಳಬಲ್ಲ ಗರಿಷ್ಠ ಭಾರ ಮತ್ತು ಅದಕ್ಕೆ ತಕ್ಕ ಒತ್ತಡ. ಟಯರು ತಯಾರಿಸಿದವನಿಗೆ ನಿಮ್ಮ ವಾಹನ ಯಾವುದೆಂದು ಗೊತ್ತಿರುವುದಿಲ್ಲ.

ಮೋಟಾರು ಯುಗದ ಆರಂಭದಲ್ಲೂ ಮೂರು ಗಾಲಿಗೆ ಮೊದಲ ಮಣೆ. ಕಾರ್ಲ್ ಬೆನ್ಜ್ 1886ರಲ್ಲಿ ಪೇಟೆಂಟ್ ಮಾಡಿದ ವಾಹನಕ್ಕೆ ಮೂರೇ ಗಾಲಿಗಳಿದ್ದವು, ಅವಕ್ಕೆ ಗಟ್ಟಿ ರಬ್ಬರಿನ ಪಟ್ಟಿ. 1895ರ ಸುಮಾರಿಗೆ ಫ್ರಾನ್ಸಿನ ದ ದಿಯೋಂ-ಬುಟೋಂ ಸಂಸ್ಥೆ ಮೋಟಾರು ತ್ರಿಚಕ್ರಗಳನ್ನು ಮಾರತೊಡಗಿತು. 1910ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮಾರ್ಗನ್ ವಾಹನ ಬಂತು, ಮುಂದೆ ಎರಡು ಗಾಲಿ, ಹಿಂದೆ ಒಂದು. ಮೋಟಾರ್ ಸೈಕಲ್ಲಿಗೆ ಪಕ್ಕದ ತೊಟ್ಟಿಲು ಕಟ್ಟಿದ ಸೈಡ್‌ಕಾರುಗಳೂ ಬಳಕೆಯಲ್ಲಿದ್ದವು. ಸೈಡ್‌ಕಾರು ಓಡಿಸಿದವರು ಬಹುಬೇಗ ಒಂದು ಪಾಠ ಕಲಿತರು. ದ್ವಿಚಕ್ರದ ಟಯರು ಅಡ್ಡ ಸೀಳಿದಾಗ ದುಂಡಗಿರುತ್ತದೆ. ತಿರುವಿನಲ್ಲಿ ಸವಾರ ವಾಲಿದಾಗ ಟಯರಿನ ಪಕ್ಕದ ಭಾಗ ನೆಲ ಹಿಡಿಯಲಿ ಎಂಬ ಉದ್ದೇಶದಿಂದ ಅದಕ್ಕೆ ಆ ಆಕಾರ. ಸೈಡ್‌ಕಾರು ಕಟ್ಟಿದ ವಾಹನ ವಾಲುವುದಿಲ್ಲ. ಹಾಗಾಗಿ ದುಂಡು ಟಯರಿನ ನಡುಭಾಗವಷ್ಟೇ ನೆಲಕ್ಕೆ ಉಜ್ಜಿ, ಪಕ್ಕಗಳು ಹೊಸದಾಗಿರುವಾಗಲೇ ಮಧ್ಯ ಬೋಳಾಗುತ್ತದೆ. ಸೈಡ್‌ಕಾರುಗಳಿಗೆಂದು ಚಪ್ಪಟೆ ಮೈಯ ಟಯರುಗಳು ಬಂದದ್ದು ಇದರಿಂದ.

ಮೂರು ಗಾಲಿಯ ಮೋಟಾರ್ ಸೈಕಲ್ಲಿಗೆ ಟಯರು ಆರಿಸುವಾಗ ಇಂದಿಗೂ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ವಾಹನ ತಿರುವಿನಲ್ಲಿ ವಾಲುತ್ತದೆಯೇ, ಇಲ್ಲವೇ? 2006ರಲ್ಲಿ ಇಟಲಿಯ ಪಿಯಾಜಿಯೋ ಹೊರತಂದ ಎಂಪಿ3 ಸ್ಕೂಟರಿನಲ್ಲಿ ಮುಂದಿನ ಎರಡೂ ಗಾಲಿಗಳು ಸವಾರನೊಂದಿಗೆ ವಾಲುತ್ತವೆ. ಅದಕ್ಕೆ ದುಂಡು ಟಯರೇ ಆಗಬೇಕು. ಮರುವರ್ಷ ಕೆನಡಾದಿಂದ ಬಂದ ಕ್ಯಾನ್-ಆಮ್ ಸ್ಪೈಡರ್‌ನಲ್ಲೂ ಮುಂದೆ ಎರಡು ಗಾಲಿ, ಆದರೆ ಅದು ವಾಲುವುದಿಲ್ಲ. ಅದರ ಟಯರುಗಳು ನೋಡಲು ಕಾರಿನ ಟಯರಿನಂತೆಯೇ ಚಪ್ಪಟೆ. ಹಾಗೆಂದು ಕಾರಿನ ಟಯರು ಹಾಕಿ ಕಾರಿನಷ್ಟೇ ಗಾಳಿ ತುಂಬಿದರೆ ಏನಾಗುತ್ತದೆ? ಕಾರಿಗಿಂತ ಬಹಳ ಹಗುರವಾದ ಈ ವಾಹನದಲ್ಲಿ ಟಯರು ಚಪ್ಪಟೆಯಾಗದೆ ಬಲೂನಿನಂತೆ ಉಬ್ಬಿ, ಮತ್ತೆ ನಡುಭಾಗದ ಮೇಲೇ ಓಡುತ್ತದೆ. ಒದ್ದೆ ರಸ್ತೆಯಲ್ಲಿ ಹಿಡಿತ ತಪ್ಪುತ್ತದೆ. ಆ ವಾಹನದ ಮುಂದಿನ ಟಯರುಗಳಿಗೆ ಹೇಳಿರುವ ಒತ್ತಡ 20 ಪೌಂಡಿನ ಆಸುಪಾಸಿನಲ್ಲಿ ಇರುವುದಕ್ಕೆ ಇದೇ ಕಾರಣ. ಕಾರಿನವರಿಗೆ ಅದು ಪಂಕ್ಚರ್ ಆದ ಟಯರಿನಂತೆ ಕಂಡೀತು!

ನಮ್ಮ ಆಟೋರಿಕ್ಷಾದ ವಂಶವೂ ಇಟಲಿಯದೇ. ಪಿಯಾಜಿಯೋ ಸಂಸ್ಥೆ 1946ರಲ್ಲಿ ವೆಸ್ಪಾ ಸ್ಕೂಟರನ್ನೂ 1948ರಲ್ಲಿ ಅದರ ಮೂರು ಗಾಲಿಯ ತಮ್ಮ ‘ಆಪೆ’ಯನ್ನೂ ತಂದಿತು. ಭಾರತದಲ್ಲಿ ಬಜಾಜ್ ಆಟೋ ಸಂಸ್ಥೆಗೆ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನು ತಯಾರಿಸಲು 1959ರಲ್ಲಿ ಪರವಾನಗಿ ದೊರೆಯಿತು. ಸ್ಕೂಟರಿನ ಸಣ್ಣ ಗಾಲಿಯೇ ಆಟೋಗೂ ಬಂತು. ನಮ್ಮ ಆಟೋಗಳ ಟಯರಿನ ಮೇಲೆ ಬಹುಕಾಲದಿಂದ ಕಾಣುವ 4.00-8 ಎಂಬ ಗುರುತಿನಲ್ಲಿ 4 ಎಂಬುದು ಟಯರಿನ ದಪ್ಪ, 8 ಎಂಬುದು ರಿಮ್ಮಿನ ವ್ಯಾಸ, ಎರಡೂ ಇಂಚಿನಲ್ಲಿ. ಪಕ್ಕದಲ್ಲೇ 4 ಪಿಆರ್ ಅಥವಾ 6 ಪಿಆರ್ ಎಂದಿರುತ್ತದೆ. ಒಂದು ಕಾಲದಲ್ಲಿ ಅದು ಒಳಗಿನ ಹತ್ತಿಬಟ್ಟೆಯ ಪದರಗಳ ಸಂಖ್ಯೆ. ನೈಲಾನ್ ಬಂದ ಮೇಲೆ ಅಷ್ಟು ಪದರ ಬೇಕಾಗಲಿಲ್ಲ, ಬಲದ ಅಳತೆಯಾಗಿ ಸಂಖ್ಯೆ ಮಾತ್ರ ಉಳಿಯಿತು. ಅಳತೆ ಒಂದೇ ಎಂದು ಹೆಚ್ಚು ಪಿಆರ್ ಬೇಕಾದ ಕಡೆ ಕಡಿಮೆಯದನ್ನು ಹಾಕುವುದು ಅಪಾಯ. ಎರಡೂ ರಿಮ್ಮಿಗೆ ಸರಿಯಾಗಿಯೇ ಕೂರುತ್ತವೆ ಎಂಬುದೇ ಇಲ್ಲಿರುವ ಮೋಸ.

ಸಣ್ಣ ಗಾಲಿಗೆ ತನ್ನದೇ ಸಂಕಟವಿದೆ. ಆಟೋ ಟಯರಿನ ಹೊರ ವ್ಯಾಸ ಸುಮಾರು 40 ಸೆಂಟಿಮೀಟರು. ಒಂದು ಕಿಲೋಮೀಟರು ಹೋಗಲು ಅದು ಸುಮಾರು 800 ಸುತ್ತು ತಿರುಗಬೇಕು. 60 ಸೆಂಟಿಮೀಟರಿನ ಮೋಟಾರ್ ಸೈಕಲ್ ಗಾಲಿಗೆ 530 ಸುತ್ತು ಸಾಕು. ಪ್ರತಿ ಸುತ್ತಿನಲ್ಲೂ ರಬ್ಬರು ಒಮ್ಮೆ ಮಡಿಚಿ ಒಮ್ಮೆ ಬಿಚ್ಚಿಕೊಳ್ಳುತ್ತದೆ. ಮಡಿಚಲು ಕೊಟ್ಟ ಶಕ್ತಿಯೆಲ್ಲ ಬಿಚ್ಚುವಾಗ ವಾಪಸು ಬರುವುದಿಲ್ಲ, ಸ್ವಲ್ಪ ಭಾಗ ಶಾಖವಾಗುತ್ತದೆ. ಡನ್‌ಲಪ್‌ನ ಪ್ರಯೋಗದಲ್ಲಿ ಉಳಿದ ಪಾಲೆಂದೆನಲ್ಲ, ಅದು ಇದು. ಗಾಳಿ ಕಡಿಮೆಯಾದಷ್ಟೂ ಮಡಿಕೆ ಹೆಚ್ಚು, ಶಾಖ ಹೆಚ್ಚು, ಇಂಧನ ಖರ್ಚೂ ಹೆಚ್ಚು. ಬೇಸಿಗೆಯ ಮಧ್ಯಾಹ್ನ ಮೂವರ ಬದಲು ಐವರನ್ನು ತುಂಬಿಕೊಂಡು ಅರೆಗಾಳಿಯಲ್ಲಿ ಓಡುವ ಟಯರು ಒಳಗಿಂದ ಬೇಯುತ್ತಿರುತ್ತದೆ. ಅದು ಸಿಡಿದಾಗ ‘ಇದ್ದಕ್ಕಿದ್ದಂತೆ’ ಎನ್ನುತ್ತೇವೆ. ಹಾನಿ ಮಾತ್ರ ಬಹಳ ಹಿಂದೆಯೇ ಶುರುವಾಗಿರುತ್ತದೆ.

ತಿರುವಿನಲ್ಲಿ ಇನ್ನೊಂದು ವಿಷಯವಿದೆ. ನಮ್ಮ ಉದಾಹರಣೆಯ ಆಟೋ 25 ಮೀಟರು ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆ, ಅದರ ಗುರುತ್ವ ಕೇಂದ್ರ ನೆಲದಿಂದ 60 ಸೆಂಟಿಮೀಟರು ಎತ್ತರದಲ್ಲಿದೆ, ಹಿಂದಿನ ಗಾಲಿಗಳ ನಡುವಿನ ಅಂತರ 115 ಸೆಂಟಿಮೀಟರು ಎನ್ನೋಣ. ಆಗ ಸುಮಾರು 60 ಕಿಲೋಗ್ರಾಂ ಭಾರ ಒಳಗಿನ ಹಿಂಗಾಲಿಯಿಂದ ಹೊರಗಿನದಕ್ಕೆ ವರ್ಗವಾಗುತ್ತದೆ. ಕಾರಿನಲ್ಲಾದರೆ ಇದನ್ನು ಮುಂದಿನ ಜೋಡಿ ಮತ್ತು ಹಿಂದಿನ ಜೋಡಿ ಹಂಚಿಕೊಳ್ಳುತ್ತವೆ. ಇಲ್ಲಿ ಮುಂದೆ ಜೋಡಿಯೇ ಇಲ್ಲ. 225 ಹೊತ್ತಿದ್ದ ಟಯರು 285 ಹೊರಬೇಕು. ಆ ಹೊತ್ತಿನಲ್ಲಿ ಅದರಲ್ಲಿ ಗಾಳಿ ಕಡಿಮೆಯಿದ್ದರೆ ಟಯರಿನ ಗೋಡೆ ಕುಸಿದು ವಾಹನ ಹೊರಕ್ಕೆ ಇನ್ನಷ್ಟು ವಾಲುತ್ತದೆ. ಹಿಂದಿನ ಎರಡು ಟಯರುಗಳಲ್ಲಿ ಒತ್ತಡ ಸಮನಾಗಿರಬೇಕು, ಒಂದು ಹೊಸತು ಇನ್ನೊಂದು ಬೋಳು ಆಗಬಾರದು ಎಂದು ಒತ್ತಿ ಹೇಳುವುದು ಇದಕ್ಕಾಗಿ.

ಒತ್ತಡವನ್ನು ಯಾವಾಗ ಅಳೆಯಬೇಕು? ಟಯರು ತಣ್ಣಗಿದ್ದಾಗ, ಬೆಳಿಗ್ಗೆ ಗಾಡಿ ಹೊರಡಿಸುವ ಮೊದಲು. 27 ಡಿಗ್ರಿಯಲ್ಲಿ 30 ಪೌಂಡ್ ತುಂಬಿದ ಟಯರು ಓಡಿ 57 ಡಿಗ್ರಿಗೆ ಬಿಸಿಯಾದರೆ ಮಾಪಕ ಸುಮಾರು 34 ತೋರಿಸುತ್ತದೆ. ಪಿಯುಸಿಯಲ್ಲಿ ಓದಿದ ಅನಿಲ ನಿಯಮವೇ ಇದು, ವಾತಾವರಣದ ಒತ್ತಡವನ್ನು ಕೂಡಿಸಿ ಲೆಕ್ಕ ಹಾಕಬೇಕು ಅಷ್ಟೆ. ‘ಜಾಸ್ತಿಯಾಗಿದೆ’ ಎಂದು ಆಗ ಗಾಳಿ ಬಿಟ್ಟು 30ಕ್ಕೆ ಇಳಿಸಿದರೆ, ಮರುದಿನ ಬೆಳಿಗ್ಗೆ ತಣ್ಣಗಾದಾಗ ಉಳಿಯುವುದು 26.

ಹೊಸ ಟಯರು ಕೊಳ್ಳುವಾಗ ಅಳತೆ, ಪಿಆರ್ ಜೊತೆಗೆ ಐಎಸ್‌ಐ ಗುರುತನ್ನು ನೋಡಿ. ಗೋಡೆಯ ಮೇಲೆ ನಾಲ್ಕು ಅಂಕಿಗಳ ಸಂಖ್ಯೆಯೂ ಇರುತ್ತದೆ. 2324 ಎಂದಿದ್ದರೆ 2024ರ 23ನೆಯ ವಾರದಲ್ಲಿ ತಯಾರಾದದ್ದು. ಕಪಾಟಿನಲ್ಲಿ ಕುಳಿತೇ ರಬ್ಬರು ಮುಪ್ಪಾಗುತ್ತದೆ. ಹಳೆಯದನ್ನು ಬಿಚ್ಚುವಾಗ ಅದರ ಮುಖವನ್ನೂ ಓದಿಕೊಳ್ಳಿ. ನಡುಭಾಗ ಸವೆದಿದ್ದರೆ ಗಾಳಿ ಹೆಚ್ಚಿತ್ತು, ಎರಡು ಅಂಚುಗಳು ಸವೆದಿದ್ದರೆ ಕಡಿಮೆಯಿತ್ತು. ತ್ರಿಚಕ್ರಗಳ ಟಯರಿನ ಗೆರೆಗಳ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ನಮ್ಮ ಮೋಟಾರು ವಾಹನ ನಿಯಮ ಹೇಳುತ್ತದೆ. ಮಳೆಗಾಲಕ್ಕೆ ಅದೂ ಸಾಲದೆಂದೇ ನನ್ನ ಅಭಿಪ್ರಾಯ. ರೀಸೋಲ್ ಮಾಡಿಸಿದ ಟಯರು ಅಗ್ಗವೆಂದು ಹಾಕುವುದಾದರೂ, ಇರುವ ಒಂದೇ ಮುಂಗಾಲಿಗೆ ಅದು ಬೇಡ. ಅದು ಕೈಕೊಟ್ಟರೆ ದಾರಿ ತಿರುಗಿಸಲು ಬೇರೆ ಗಾಲಿ ಇಲ್ಲ.

ಕೊನೆಗೆ ಸ್ಟೆಪ್ನಿಯ ವಿಚಾರ. ಈ ಶಬ್ದ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ ಅದು ಒಂದು ಬೀದಿಯ ಹೆಸರೆಂದು ಯಾರಿಗೂ ಅನಿಸುವುದಿಲ್ಲ. ವೇಲ್ಸ್‌ನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ ಡೇವಿಸ್ ಸೋದರರು 1904ರಲ್ಲಿ ಹೆಚ್ಚುವರಿ ಗಾಲಿಗಳನ್ನು ತಯಾರಿಸಿ ಮಾರತೊಡಗಿದರು. ಇಂಗ್ಲೆಂಡಿನವರು ಆ ಹೆಸರನ್ನು ಮರೆತರು, ನಾವು ಉಳಿಸಿಕೊಂಡೆವು. ಆಟೋದ ಮೂರೂ ಗಾಲಿಗಳ ಅಳತೆ ಒಂದೇ ಆಗಿದ್ದರೆ ಒಂದೇ ಸ್ಟೆಪ್ನಿ ಯಾವ ಜಾಗಕ್ಕಾದರೂ ಆಗುತ್ತದೆ. ಅದರ ಪಿಆರ್ ಹಿಂದಿನ ಗಾಲಿಗೆ ತಕ್ಕದ್ದಿರಲಿ, ಗಾಳಿಯೂ ಹಿಂದಿನ ಗಾಲಿಗೆ ಬೇಕಾದಷ್ಟೇ ಇರಲಿ. ನಡುದಾರಿಯಲ್ಲಿ ಅದನ್ನು ಮುಂದಕ್ಕೆ ಹಾಕಬೇಕಾಗಿ ಬಂದರೆ ವಾಲ್ವನ್ನು ಒತ್ತಿ ಸ್ವಲ್ಪ ಗಾಳಿ ಬಿಡಬಹುದು, ತುಂಬಲು ಮಾತ್ರ ಅಲ್ಲಿ ಪಂಪು ಸಿಗುವುದಿಲ್ಲ.