ತಳ್ಳಿದ ಕಾರು, ಓಡುವ ಫೋಟೋ

ಭಾಗ 1

ಮೊದಲ ಸ್ಲೈಡ್ ನೋಡಿ. ಕಾರು ಹಾರ್ಕೊಂಡು ಹೋಗ್ತಿರೋ ಹಾಗಿದೆ ಅಲ್ವಾ? ಅಡಿಕೆ ಮರಗಳೆಲ್ಲ ಹಸಿರು ಗೆರೆ ಆಗಿವೆ, ರಸ್ತೆ ಕರಗಿದೆ, ಕಾರು ಮಾತ್ರ ಕನ್ನಡಿ ಥರ ಸ್ಪಷ್ಟ. ಆ ಕಾರಿನ ವೇಗ ಗಂಟೆಗೆ ಹೆಚ್ಚೂಕಮ್ಮಿ 4 ಕಿಲೋಮೀಟರ್. ಎಂಜಿನ್ ಆಫ್, ಗೇರ್ ನ್ಯೂಟ್ರಲ್. ಒಬ್ಬ ಒಳಗೆ ಸ್ಟಿಯರಿಂಗ್ ಹಿಡಿದಿದ್ದ, ಇಬ್ಬರು ಹಿಂದಿನಿಂದ ತಳ್ತಿದ್ರು. ಚಿಕ್ಕಪ್ಪನ ಹಳೇ ಆಲ್ಟೊ, ಮುತ್ತಿನಕೊಪ್ಪದ ನಮ್ಮ ತೋಟದೊಳಗಿನ ದಾರಿ.

ಇದಕ್ಕೆ ರಿಗ್ ಶಾಟ್ ಅಂತಾರೆ. ಕಾರಿಗೇ ಉದ್ದ ಕೋಲು ಕಟ್ಟಿ, ಕೋಲಿನ ತುದಿಗೆ ಕ್ಯಾಮೆರಾ ಕೂರಿಸೋದು. ಕಾರು ಎಷ್ಟು ಮುಂದೆ ಹೋಗುತ್ತೋ ಕ್ಯಾಮೆರಾನೂ ಅಷ್ಟೇ ಹೋಗುತ್ತೆ, ಹಾಗಾಗಿ ಕ್ಯಾಮೆರಾ ಕಣ್ಣಿಗೆ ಕಾರು ನಿಂತೇ ಇರುತ್ತೆ. ಓಡೋದು ಪ್ರಪಂಚ. ಆಮೇಲೆ ಫೋಟೋದಲ್ಲಿ ಕೋಲು ಅಳಿಸಿದ್ರೆ ಆಯ್ತು.

ಅಂಗಡಿ ರಿಗ್‌ನ ರೇಟ್ ಕಾಲೇಜು ಹುಡುಗರ ಜೇಬಿಗೆ ಅಲ್ಲ. ಕಾಸ್ಟಿಂಗ್ ಕ್ಲಾಸಲ್ಲಿ 'ಮೇಕ್ ಆರ್ ಬೈ' ಅಂತ ಒಂದು ಲೆಕ್ಕ ಮಾಡಿಸ್ತಾರಲ್ಲ, ಅದು ಜೀವನದಲ್ಲಿ ಉಪಯೋಗಕ್ಕೆ ಬಂದಿದ್ದು ನನಗೆ ಇದೊಂದೇ ಸಲ. ಕೋಲು ಯಾವುದು ಗೊತ್ತಾ? ಅಡಿಕೆ ಕೊಯ್ಯೋ ಕಾರ್ಬನ್ ಫೈಬರ್ ದೋಟಿಯ ಕೆಳಗಿನ ಎರಡು ತುಂಡು. ಬಿದಿರು ದೋಟಿ ಬಾಗುತ್ತೆ, ತೂಗುತ್ತೆ. ಕಾರ್ಬನ್ ಹಗುರ, ಆದ್ರೆ ಬಿಗಿ. ದೋಟಿಯನ್ನ ಕಾರಿಗೆ ಹಿಡಿಸೋಕೆ ಗಾಜು ಎತ್ತೋ ವ್ಯಾಕ್ಯೂಮ್ ಕಪ್ ಮೂರು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ತುದಿ ಜೋತು ಬೀಳದ ಹಾಗೆ ನೈಲಾನ್ ಹಗ್ಗ. ಕಪ್ ಕೂರೋ ಜಾಗದಲ್ಲಿ ಒಂದು ಕಣ ಧೂಳಿದ್ರೂ ಗಾಳಿ ನುಗ್ಗಿ ಕಪ್ ಬಿಡುತ್ತೆ, ಅದಕ್ಕೆ ಒರೆಸೋಕೇ ಅರ್ಧ ಗಂಟೆ.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಕಾರ್ಬನ್ ಫೈಬರಲ್ಲೂ ಕರೆಂಟ್ ಹರಿಯುತ್ತೆ. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಕಡೆ ಯಾರಿಗೂ ಹೊಸದಲ್ಲ. ತಂತಿ ಇರೋ ಕಡೆ ಈ ಆಟ ಬೇಡ.

ಭಾಗ 2

ಈಗ ಲೆಕ್ಕ. ಗಂಟೆಗೆ 4 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 1.1 ಮೀಟರ್. ಶಟರ್ 2 ಸೆಕೆಂಡ್ ತೆರೆದಿಟ್ರೆ ಅಷ್ಟರಲ್ಲಿ ಕಾರು 2.2 ಮೀಟರ್ ಮುಂದೆ ಹೋಗಿರುತ್ತೆ. ಆ 2.2 ಮೀಟರ್ ರಸ್ತೆ ಪೂರ್ತಿ ಒಂದೇ ಫೋಟೋದಲ್ಲಿ ಗೆರೆಯಾಗಿ ಎಳೆಯುತ್ತೆ.

ಇನ್ನೊಂದು ಕಡೆ ನೋಡಿ. ಜೀಪಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಗಂಟೆಗೆ 100ರಲ್ಲಿ ಹೋಗ್ತಾ ಮೊಬೈಲಲ್ಲಿ ಕ್ಲಿಕ್ ಮಾಡಿದ್ರೆ? ಒಳ್ಳೇ ಬಿಸಿಲಲ್ಲಿ ಮೊಬೈಲ್ ತಾನಾಗೇ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಶಟರ್ ಇಟ್ಕೊಳ್ಳುತ್ತೆ. ಅಷ್ಟರಲ್ಲಿ ಜೀಪು ಹೋಗೋದು 2.8 ಸೆಂಟಿಮೀಟರ್. ಫೋಟೋದಲ್ಲಿ ಜೀಪು ಪಾರ್ಕ್ ಮಾಡಿದ ಹಾಗೆ ಕಾಣುತ್ತೆ. ತಳ್ಳಿದ ಆಲ್ಟೊ 2.2 ಮೀಟರ್, ಹಾರಿದ ಜೀಪು 2.8 ಸೆಂಟಿಮೀಟರ್. ಹತ್ತಿರ ಹತ್ತಿರ 80 ಪಟ್ಟು ವ್ಯತ್ಯಾಸ!

ಹಗಲಲ್ಲಿ 2 ಸೆಕೆಂಡ್ ಶಟರ್ ತೆರೆದ್ರೆ ಫೋಟೋ ಬೆಳ್ಳಗೆ ಸುಟ್ಟು ಹೋಗುತ್ತೆ. ಅದಕ್ಕೆ ಎನ್‌ಡಿ ಫಿಲ್ಟರ್ ಬೇಕು, ಲೆನ್ಸಿಗೆ ಹಾಕೋ ಕೂಲಿಂಗ್ ಗ್ಲಾಸ್ ಅನ್ಕೊಳ್ಳಿ. ಸಂಜೆ ಆರೂವರೆ ಆದ್ಮೇಲೆ ತೋಟದೊಳಗೆ ಅದೂ ಬೇಡ. ಎಂಜಿನ್ ಆಫ್ ಯಾಕೆ ಅಂದ್ರೆ ಅದರ ನಡುಕ ದೋಟಿಯ ತುದಿಗೆ ಹೋಗೋ ಹೊತ್ತಿಗೆ ಭೂಕಂಪ ಆಗಿರುತ್ತೆ. ಆದ್ರೆ ಎಂಜಿನ್ ಆಫ್ ಇದ್ದಾಗ ಬ್ರೇಕ್ ಪೆಡಲ್ ಗಟ್ಟಿಯಾಗುತ್ತೆ, ಕೀ ತೆಗೆದ್ರೆ ಸ್ಟಿಯರಿಂಗ್ ಲಾಕ್ ಆಗುತ್ತೆ. ಅದಕ್ಕೆ ಕೀ ಅಲ್ಲೇ ಇರಲಿ, ಜಾಗ ಸಮತಟ್ಟಾಗಿರಲಿ.

ಭಾಗ 3

ಈ ಉಪಾಯ ನಮ್ದೇನಲ್ಲ. ಓಡೋ ವಸ್ತುವಿನ ಫೋಟೋಗೆ ಬೇಕಾದ ಸಾಮಾನು ಅಂಗಡಿಯಲ್ಲಿ ರೆಡಿ ಸಿಗ್ತಿರಲಿಲ್ಲ, ಬೇಕಾದವರೇ ಕೈಯಲ್ಲಿ ಕಟ್ಕೊಳ್ಳಬೇಕಿತ್ತು.

1878ರ ಜೂನ್‌ನಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಎಡ್ವರ್ಡ್ ಮೈಬ್ರಿಜ್ ಕುದುರೆ ಓಡೋ ದಾರಿ ಪಕ್ಕ 12 ಕ್ಯಾಮೆರಾ ಸಾಲಾಗಿ ನಿಲ್ಲಿಸಿ, ದಾರಿಗೆ ಅಡ್ಡ ದಾರ ಕಟ್ಟಿದ. ಕುದುರೆ ದಾರ ಹರಿದ ಹಾಗೆ ಒಂದೊಂದೇ ಶಟರ್ ಬಿತ್ತು. ಓಡುವಾಗ ಕುದುರೆಯ ನಾಲ್ಕೂ ಕಾಲು ನೆಲ ಬಿಡುತ್ತೆ ಅಂತ ಗೊತ್ತಾಯ್ತು. ವಿಜ್ಞಾನಕ್ಕೆ ದೊಡ್ಡ ಗೆಲುವು. ಆದ್ರೆ ಆ ಫೋಟೋಗಳಲ್ಲಿ ಕುದುರೆ ಗಾಳಿಯಲ್ಲಿ ತೂಗುಹಾಕಿದ ಹಾಗಿದೆ, ವೇಗ ಮಾಯ! ಚಲನೆಯನ್ನ ಹೆಪ್ಪುಗಟ್ಟಿಸಿದ್ರೆ ಓಟ ಸತ್ತೋಗುತ್ತೆ.

ನನಗೆ ಇಷ್ಟ ಆದವನು ಜಾಕ್ ಹೆನ್ರಿ ಲಾರ್ಟಿಗ್. ಫ್ರಾನ್ಸ್‌ನವನು, ಹುಟ್ಟಿದ್ದು 1894. ಅವನ ಹೆಸರಾಂತ ಕಾರ್ ರೇಸ್ ಫೋಟೋಗೆ 1912 ಅಂತ ತಾರೀಖಿದೆ, ಅಂದ್ರೆ ನಮಗಿಂತ ಎರಡು ವರ್ಷ ಚಿಕ್ಕವನಿದ್ದಾಗ ತೆಗೆದಿದ್ದು. ರಸ್ತೆ ಪಕ್ಕ ನಿಂತು, ಬರ್ತಿರೋ ಕಾರಿನ ಜೊತೆ ಕ್ಯಾಮೆರಾ ತಿರುಗಿಸ್ತಾ ಕ್ಲಿಕ್ ಮಾಡಿದ್ದಾನೆ. ಆ ಕ್ಯಾಮೆರಾದ ಶಟರ್ ಒಂದು ಸೀಳಿರೋ ಪರದೆ. ಸೀಳು ಸರಿದ ಹಾಗೆ ಫೋಟೋ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸ್ವಲ್ಪ ಸ್ವಲ್ಪವಾಗಿ ದಾಖಲಾಗುತ್ತೆ. ಅಷ್ಟರಲ್ಲಿ ಕಾರು ಮುಂದೆ ಹೋಗಿತ್ತು. ಪರಿಣಾಮ, ಚಕ್ರ ಮೊಟ್ಟೆ ಥರ ಮುಂದಕ್ಕೆ ಬಾಗಿದೆ, ಹಿಂದೆ ನಿಂತ ಜನ ಹಿಂದಕ್ಕೆ ವಾಲಿದ್ದಾರೆ. ಕಾರು ಅರ್ಧ ಫ್ರೇಮಿಂದ ಆಚೆ! ರೂಲ್ಸ್ ಪ್ರಕಾರ ಹಾಳಾದ ಫೋಟೋ. ನೋಡಿದ್ರೆ ಮಾತ್ರ ಕಿವಿಗೆ ಗಾಳಿ ಹೊಡೆದ ಹಾಗಾಗುತ್ತೆ. ಬಸ್ಸಿನ ಕಿಟಕಿಯಿಂದ ಮೊಬೈಲಲ್ಲಿ ವಿಡಿಯೋ ಮಾಡಿದಾಗ ಕರೆಂಟ್ ಕಂಬ ಓರೆ ಆಗೋದಿದೆಯಲ್ಲ, ಅದೂ ಇದೇ ಜಾತಿಯ ಆಟ. ಲಾರ್ಟಿಗ್‌ನನ್ನ ಜಗತ್ತು ಗುರುತಿಸಿದ್ದು 1963ರಲ್ಲಿ, ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಪ್ರದರ್ಶನದಿಂದ. ಅಷ್ಟೊತ್ತಿಗೆ ಆತನಿಗೆ 69 ವರ್ಷ.

ಭಾಗ 4

ಸಿನಿಮಾದವರು ಇನ್ನೂ ಜಾಣರು. ಕಾರನ್ನ ಸ್ಟುಡಿಯೋದಲ್ಲೇ ನಿಲ್ಲಿಸಿ, ಹಿಂದೆ ಪರದೆ ಮೇಲೆ ರಸ್ತೆಯ ಫಿಲ್ಮ್ ಬಿಟ್ಟು, ಕಾರನ್ನ ಅಲ್ಲಾಡಿಸ್ತಿದ್ರು. ಕಪ್ಪುಬಿಳುಪು ಸಿನಿಮಾಗಳಲ್ಲಿ ಹೀರೋ ನೇರ ರಸ್ತೆಯಲ್ಲೂ ಸ್ಟಿಯರಿಂಗ್ ಎಡಬಲ ತಿರುಗಿಸ್ತಾನೇ ಇರ್ತಾನಲ್ಲ, ಅದೇ.

1950ರ 'ಗನ್ ಕ್ರೇಜಿ'ಯಲ್ಲಿ ನಿರ್ದೇಶಕ ಜೋಸೆಫ್ ಲೂಯಿಸ್ ಇದನ್ನ ಬಿಟ್ಟು, ನಿಜವಾದ ಕಾರಿನ ಹಿಂದಿನ ಭಾಗ ಖಾಲಿ ಮಾಡಿಸಿ ಕ್ಯಾಮೆರಾ ಒಳಗೇ ಕೂರಿಸಿದ. ಗ್ರೀಸ್ ಹಚ್ಚಿದ ಹಲಗೆ ಮೇಲೆ ಕ್ಯಾಮೆರಾ ಹಿಂದೆ ಮುಂದೆ ಜಾರ್ತಿತ್ತು. ಬ್ಯಾಂಕ್ ದರೋಡೆ ಪೂರ್ತಿ ಒಂದೇ ಶಾಟ್, ಮೂರು ನಿಮಿಷಕ್ಕಿಂತ ಜಾಸ್ತಿ. ಗ್ರೀಸು, ಹಲಗೆ, ಅಷ್ಟೇ!

ನಮ್ಮವರಲ್ಲಿ ಈ ಬುದ್ಧಿ ನೋಡಬೇಕು ಅಂದ್ರೆ ಮೈಸೂರಿನ ವಿ.ಕೆ. ಮೂರ್ತಿ. ಹುಟ್ಟಿದ್ದು 1923. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಮಾಡಿ, ಬಾಂಬೆಗೆ ಹೋಗಿ, ಗುರುದತ್ ಅವರ ಕ್ಯಾಮೆರಾಮನ್ ಆದವರು. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಖಾಲಿ ಸ್ಟುಡಿಯೋದ ಮೇಲಿಂದ ದಪ್ಪ ಬೆಳಕಿನ ಕೋಲು ಇಳಿಯುತ್ತೆ. ಸ್ಟುಡಿಯೋ ಲೈಟಲ್ಲಿ ಅಂಥ ನೇರ ಕಿರಣ ಬರೋದಿಲ್ಲ, ಹರಡಿಬಿಡುತ್ತೆ. ಮೂರ್ತಿ ಏನು ಮಾಡಿದ್ರು? ಹೊರಗೆ ಬಿಸಿಲಿಗೆ ಒಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಸೂರ್ಯನನ್ನೇ ತಿರುಗಿಸಿ ಒಳಗೆ ತಂದ್ರು. ಆ ಸಿನಿಮಾ ಆಗ ಸೋತಿತು, ಆದ್ರೆ ಛಾಯಾಗ್ರಹಣಕ್ಕೆ ಫಿಲ್ಮ್‌ಫೇರ್ ಬಂತು. 2008ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೇ. ಆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು.

ಮೂರ್ತಿಯವರದ್ದು ಕಾರಿನ ಕಥೆ ಅಲ್ಲ, ಒಪ್ಪಿದೆ. ಆದ್ರೂ ಎರಡು ಕನ್ನಡಿಯನ್ನ ನಾನು ರಿಗ್ ಅಂತಲೇ ಕರೆಯೋದು.

ಭಾಗ 5

1976ರಲ್ಲಿ ಎರಡು ಕಥೆ, ಒಂದಕ್ಕೊಂದು ಉಲ್ಟಾ.

ಒಂದು, ಅಮೆರಿಕದ ಗ್ಯಾರೆಟ್ ಬ್ರೌನ್ ತಾನೇ ಕಟ್ಟಿದ ಸಾಧನ, ಸ್ಟೆಡಿಕ್ಯಾಮ್, ಮೊದಲ ಸಲ ಒಂದು ಫೀಚರ್ ಸಿನಿಮಾದಲ್ಲಿ ತೆರೆಗೆ ಬಂತು. ಹೊತ್ಕೊಂಡು ನಡೆದ್ರೂ ಕ್ಯಾಮೆರಾ ಅಲ್ಲಾಡೋದಿಲ್ಲ.

ಇನ್ನೊಂದು, ಫ್ರೆಂಚ್ ನಿರ್ದೇಶಕ ಕ್ಲೋಡ್ ಲೆಲೂಶ್ ತನ್ನ ಮರ್ಸಿಡಿಸ್‌ನ ಮುಂಭಾಗಕ್ಕೆ ಕ್ಯಾಮೆರಾ ಕಟ್ಟಿ, ಬೆಳಗಿನ ಜಾವ ಪ್ಯಾರಿಸ್ ಬೀದಿಯಲ್ಲಿ ಒಂದೇ ಉಸಿರಿಗೆ ಓಡಿಸಿದ. ಸಿಗ್ನಲ್ ಕೆಂಪಿದ್ರೂ ನಿಲ್ಲಿಸಲಿಲ್ಲ. ಸುಮಾರು ಎಂಟು ನಿಮಿಷದ ಆ ಫಿಲ್ಮ್ ಇವತ್ತಿಗೂ ಕಾರು ಹುಡುಗರ ಫೇವರಿಟ್. ಕೇಳಿಸೋ ಸದ್ದು ಮಾತ್ರ ಮರ್ಸಿಡಿಸ್‌ದಲ್ಲ, ಫೆರಾರಿದು! ಬೇರೆ ರೆಕಾರ್ಡ್ ಮಾಡಿ ಸೇರಿಸಿದ್ದು. ನಿಜವಾದ ಅಪಾಯ ಮೈಮೇಲೆ ಹಾಕ್ಕೊಂಡು, ಕೊನೆಗೆ ವೇಗ ಅನ್ನಿಸೋಕೆ ಸುಳ್ಳು ಸದ್ದು ಬೇಕಾಯ್ತು. ರಸ್ತೆ ಗುಡಿಸ್ತಿದ್ದವರು, ಆ ಹೊತ್ತಲ್ಲಿ ನಡ್ಕೊಂಡು ಹೋಗ್ತಿದ್ದವರು ಆಟಕ್ಕೆ ಒಪ್ಪಿದವರಲ್ಲ. ಗ್ರೇಟ್ ಫಿಲ್ಮ್ ಅನ್ನೋರು ಅನ್ನಲಿ, ನಾನು ಅನ್ನಲ್ಲ.

ಭಾಗ 6

ನಮ್ಮ ಊರಿನ ಕಡೆಗೆ ಬರೋಣ. ಶೃಂಗೇರಿ ದಾಟಿದ್ರೆ ಆಗುಂಬೆ. 80ರ ದಶಕದ ಮಧ್ಯದಲ್ಲಿ ಶಂಕರ್ ನಾಗ್ ಅಲ್ಲಿ 'ಮಾಲ್ಗುಡಿ ಡೇಸ್' ಮಾಡಿದ್ರು. ಕ್ಯಾಮೆರಾ ಎಸ್. ರಾಮಚಂದ್ರ. ಆರ್.ಕೆ. ನಾರಾಯಣ್ ಅವರ ತಲೆಯೊಳಗೆ ಮಾತ್ರ ಇದ್ದ ಊರನ್ನ ಆಗುಂಬೆಯ ಬೀದಿಗೆ ತಂದು ಕೂರಿಸಿದ್ರು. ರೈಲು ಸ್ಟೇಷನ್ ಅಂತ ತೋರಿಸಿದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಅಲ್ಲೀಗ ಮಾಲ್ಗುಡಿ ಮ್ಯೂಸಿಯಂ ಇದೆ. ಎಲ್ಲಿಯದೋ ಸ್ಟೇಷನ್, ಎಲ್ಲಿಯದೋ ಬೀದಿ, ನೋಡೋರಿಗೆ ಒಂದೇ ಊರು. ತೋರಿಸೋದಕ್ಕೆ ಎಲ್ಲವೂ ನಿಜವಾಗಿ ನಡೀಬೇಕಿಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅದೇ ಶಂಕರ್ ನಾಗ್ 'ಆಕ್ಸಿಡೆಂಟ್' ಅನ್ನೋ ಸಿನಿಮಾನೂ ಮಾಡಿದ್ರು. ನಶೆಯಲ್ಲಿ ದೊಡ್ಡವರ ಮಗ ಕಾರು ಓಡಿಸಿ, ಫುಟ್‌ಪಾತ್ ಮೇಲೆ ಮಲಗಿದ್ದವರ ಮೇಲೆ ಹತ್ತಿಸೋ ಕಥೆ. ರಾಷ್ಟ್ರ ಪ್ರಶಸ್ತಿ ಬಂತು. ಹಾಡು ಇಲ್ಲ, ಹೀರೋಯಿಸಂ ಇಲ್ಲ. ನೋಡಿಲ್ಲ ಅಂದ್ರೆ ನೋಡಿ ಮಾರಾಯ, ಎರಡು ಗಂಟೆ ರೀಲ್ಸ್ ನೋಡೋ ಬದಲು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ಅವರು ತೀರಿಕೊಂಡ್ರು. ಶೂಟಿಂಗ್‌ಗೆ ಹೋಗ್ತಿದ್ರು. ವಯಸ್ಸು 35. ನಾವ್ಯಾರೂ ಆಗ ಹುಟ್ಟಿರಲಿಲ್ಲ. ಆದ್ರೂ ಆಟೋ ಹಿಂದಿನ ಸ್ಟಿಕ್ಕರ್‌ನಲ್ಲಿ ಅವರ ಮುಖ ನೋಡದೆ ಕರ್ನಾಟಕದ ಒಂದು ಬಸ್‌ಸ್ಟ್ಯಾಂಡ್ ದಾಟೋಕಾಗಲ್ಲ.

ಭಾಗ 7

ಈಗ 360 ಡಿಗ್ರಿ ಕ್ಯಾಮೆರಾ ಬಂದಿದೆ. ಹಿಂದೆ ಮುಂದೆ ಎರಡು ಲೆನ್ಸ್. ಕೋಲು ಎರಡರ ನಡುವಿನ ಕುರುಡು ಜಾಗದಲ್ಲಿ ಬೀಳೋದ್ರಿಂದ ಎರಡು ಚಿತ್ರ ಹೊಲಿಯುವಾಗ ತಾನಾಗೇ ಮಾಯ. ನಾನು ಆಲ್ಟೊ ಫೋಟೋದಲ್ಲಿ ದೋಟಿ ಅಳಿಸೋಕೆ ಒಂದು ರಾತ್ರಿ ಕೂತಿದ್ದೆ. ಟ್ರಿಕ್ ಬೇಕಾದವರಿಗೆ: ದೋಟಿ ಬಿಚ್ಚಿ, ಅದೇ ಬೆಳಕಲ್ಲಿ ಕಾರಿನದ್ದೇ ಇನ್ನೊಂದು ಫೋಟೋ ತೆಗೆದಿಟ್ಕೊಳ್ಳಿ. ಬಾನೆಟ್ ಮೇಲಿನ ಕಪ್ ಮುಚ್ಚೋಕೆ ಅದರಿಂದಲೇ ತುಂಡು ಕತ್ತರಿಸಿ ಅಂಟಿಸಬಹುದು.

ಹಬ್ಬದ ರಜೆಯಲ್ಲಿ ಘಾಟಿಗೆ ಜೀಪ್ ತಗೊಂಡು ಹೋಗಿ ಡೋರ್‌ಗೆ ನೇತಾಡಿ ಶೂಟ್ ಮಾಡೋಣ, ನೀನು ಕ್ಯಾಮೆರಾ ಹಿಡಿ ಅಂತ ಇಬ್ಬರು ಕೇಳಿದ್ದೀರಿ. ಯಾರು ಅಂತ ನಿಮಗೆ ಗೊತ್ತು. ಬರಲ್ಲ. ಹೆದರಿಕೆ ಇದೆ, ಅದನ್ನ ಮುಚ್ಚಿಡೋದೇನಿಲ್ಲ. ಹೆದರಿಕೆ ಪಕ್ಕಕ್ಕಿಟ್ರೂ ಫೋಟೋ ಚೆನ್ನಾಗಿ ಬರಲ್ಲ. 2.8 ಸೆಂಟಿಮೀಟರ್, ಮರೀಬೇಡಿ.

ಅದೇ ಜೀಪನ್ನ ತೋಟಕ್ಕೆ ತನ್ನಿ. ತಳ್ಳೋಕೆ ಗಟ್ಟಿ ಇರೋ ನಾಲ್ಕು ಜನ ಬೇಕು, ಜೀಪು ಆಲ್ಟೊ ಅಲ್ಲ. ಅಡಿಕೆ ಕೊಯ್ಲು ಶುರುವಾಗೋದರೊಳಗೆ ಬಂದ್ರೆ ಒಳ್ಳೇದು, ಆಮೇಲೆ ದೋಟಿ ನನ್ನ ಕೈಗೆ ಸಿಗಲ್ಲ.